ಇಪ್ಪತ್ತರ ಕಾಲಂನಲ್ಲಿ ‘ಕರ್ನಾಟಕ’ ಏಕೆ ಹಿಡಿಸುವುದಿಲ್ಲ?

‘ಕರ್ನಾಟಕ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಒಂದನೇ ತರಗತಿಯ ಮಗುವನ್ನು ಕೇಳಿದರೆ ಬೆರಳು ಮಡಚಿ ನಾಲ್ಕು ಎನ್ನುತ್ತದೆ: ಕ, ರ್ನಾ, ಟ, ಕ. ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಮಾನಕ ಏಳು ಎನ್ನುತ್ತದೆ. ಅದು ರ, ಹಲಂತ, ನ, ದೀರ್ಘದ ಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಇಂಥ ಒಂದೊಂದು ಬಿಡಿ ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಡಿಸ್ಕಿನ ಮೇಲೆ ಈ ಪದದ ಗಾತ್ರ 21 ಬೈಟ್.

ಈಗ ಒರಾಕಲ್ ಎಂಬ ಡೇಟಾಬೇಸಿನಲ್ಲಿ, ಪಠ್ಯ ಇಡುವ ವಾರ್‌ಚಾರ್2 ಬಗೆಯ, 20 ಅಳತೆಯ ಒಂದು ಕಾಲಂ ಮಾಡಿ, ಅದಕ್ಕೆ ‘ಕರ್ನಾಟಕ’ ಎಂದು ತುಂಬಿಸಲು ಹೋಗಿ. ಓಆರ್‌ಎ-12899 ಎಂಬ ದೋಷ ಬರುತ್ತದೆ: ಮೌಲ್ಯ ದೊಡ್ಡದಾಯಿತು, ಇರುವುದು 21, ಗರಿಷ್ಠ 20. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನಿಂದ ಒರಾಕಲ್‌ಗೆ ಸಾಗಿಸುವಾಗ ನಾನು ಈ ಸಂದೇಶದ ಮುಂದೆ ಅರ್ಧ ದಿನ ಕುಳಿತಿದ್ದೆ. ಎರಡೂ ಕಡೆ ಕಾಲಂನ ಹೆಸರು ಒಂದೇ, ಅಳತೆ ಒಂದೇ, ಬಗೆಯ ಹೆಸರೂ ಹೆಚ್ಚುಕಡಿಮೆ ಒಂದೇ. ಆದರೆ ಮೈಎಸ್‌ಕ್ಯುಎಲ್‌ನಲ್ಲಿ 20 ಎಂದರೆ ಇಪ್ಪತ್ತು ಸಂಕೇತ. ಒರಾಕಲ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಇಪ್ಪತ್ತು ಬೈಟ್. ಇಂಗ್ಲಿಷ್ ಹೆಸರುಗಳಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡದ ಮೊದಲ ಹೆಸರು ಬಂದಾಗಲೇ ಅದು ಹೊರಗೆ ಬರುತ್ತದೆ.

ಡೇಟಾ ಟೈಪ್, ಅಂದರೆ ದತ್ತಾಂಶದ ಬಗೆ, ಟೇಬಲ್ ನಮಗೆ ಕೊಡುವ ಒಂದು ಮಾತು. ಈ ಕಾಲಂನಲ್ಲಿ ಏನನ್ನು ಇಡಬಹುದು, ಎಷ್ಟನ್ನು ಇಡಬಹುದು, ಇಟ್ಟದ್ದು ಹಾಗೆಯೇ ಮರಳಿ ಸಿಗುತ್ತದೆಯೇ ಎಂಬ ಮಾತು. ಒರಾಕಲ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲ್ ಸರ್ವರ್, ಎಸ್‌ಕ್ಯುಲೈಟ್ ಈ ಐದು ಡೇಟಾಬೇಸ್‌ಗಳೂ ದತ್ತಾಂಶವನ್ನು ತುಂಬಲು, ಕೇಳಲು ಬಳಸುವ ಎಸ್‌ಕ್ಯುಎಲ್ ಭಾಷೆಯನ್ನೇ ಆಡುತ್ತವೆ. ಆದರೆ ಒಂದೇ ಪದಕ್ಕೆ ಒಂದೊಂದೂ ತನ್ನದೇ ಅರ್ಥ ಹಚ್ಚಿಕೊಂಡಿದೆ.

ಅದಕ್ಕೆ ಚರಿತ್ರೆಯ ಕಾರಣವಿದೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ದತ್ತಾಂಶವನ್ನು ಸಂಬಂಧಗಳ ರೂಪದಲ್ಲಿ, ಎಂದರೆ ಸಾಲು ಮತ್ತು ಕಾಲಂಗಳ ಟೇಬಲ್‌ಗಳಾಗಿ ಕಾಣುವ ವಿಚಾರವನ್ನು ಪ್ರಕಟಿಸಿದ್ದು 1970ರಲ್ಲಿ. ಒರಾಕಲ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಎಸ್‌ಕ್ಯುಎಲ್‌ಗೆ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆ ಬಿದ್ದದ್ದು 1986ರಲ್ಲಿ. ನಿಯಮ ಬರೆಯುವ ಹೊತ್ತಿಗೆ ಗ್ರಾಹಕರ ಲೆಕ್ಕಪತ್ರಗಳೆಲ್ಲ ಹಳೆಯ ರೂಢಿಯಲ್ಲಿ ಕುಳಿತಾಗಿತ್ತು. ರೂಢಿ ಬದಲಿಸಿದರೆ ಅವರ ಪ್ರೋಗ್ರಾಂಗಳು ಮುರಿಯುತ್ತವೆ. ಹಾಗಾಗಿ ಹಳೆಯ ಅರ್ಥಗಳು ಉಳಿದುಕೊಂಡವು, ಹೊಸವು ಪಕ್ಕದಲ್ಲಿ ಸೇರಿಕೊಂಡವು.

ಸದಸ್ಯರ ಟೇಬಲನ್ನೇ ಕೈಯಲ್ಲಿ ಹಿಡಿದು ಒಂದೊಂದು ಕಾಲಂ ನೋಡೋಣ.

ಹೆಸರು

ಒರಾಕಲ್‌ನ ತೊಡಕಿಗೆ ಪರಿಹಾರ ಸುಲಭ. ಅಳತೆಯ ಪಕ್ಕದಲ್ಲಿ ‘ಚಾರ್’ ಎಂದು ಸ್ಪಷ್ಟವಾಗಿ ಬರೆದರೆ ಅದು ಬೈಟ್ ಬಿಟ್ಟು ಸಂಕೇತಗಳನ್ನು ಎಣಿಸುತ್ತದೆ. ಆದರೂ ಸಾಮಾನ್ಯ ಹೊಂದಿಕೆಯಲ್ಲಿ ಒಟ್ಟು ಮಿತಿ 4,000 ಬೈಟ್. ಕನ್ನಡದ ಲೆಕ್ಕದಲ್ಲಿ 1,333 ಸಂಕೇತಗಳಿಗೆ ಕಾಲಂ ತುಂಬುತ್ತದೆ. 12ಸಿ ಆವೃತ್ತಿಯಿಂದ ಈಚೆಗೆ ಹೊಂದಿಕೆ ಬದಲಿಸಿ 32,767 ಬೈಟ್‌ವರೆಗೆ ಹಿಗ್ಗಿಸಬಹುದು.

ಎಸ್‌ಕ್ಯುಎಲ್ ಸರ್ವರ್‌ನ ಕಥೆ ಇನ್ನೂ ನೋವಿನದು, ಏಕೆಂದರೆ ಅಲ್ಲಿ ದೋಷದ ಸಂದೇಶವೇ ಬರುವುದಿಲ್ಲ. ಅಲ್ಲಿ ಬೇರೆ ಬೇರೆ ಲಿಪಿಗಳಿಗೆಂದು ಇರುವುದು ಎನ್‌ವಾರ್‌ಚಾರ್ ಎಂಬ ಬಗೆ. ಕಾಲಂ ಎನ್‌ವಾರ್‌ಚಾರ್ ಆಗಿದ್ದರೂ ಸಾಲು ಸೇರಿಸುವಾಗ ಉದ್ಧರಣ ಚಿಹ್ನೆಯ ಮುಂದೆ ‘ಎನ್’ ಎಂಬ ಒಂದಕ್ಷರ ಬರೆಯಲು ಮರೆತರೆ ‘ಕರ್ನಾಟಕ’ ಬದಲಿಗೆ ಏಳು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕೂರುತ್ತವೆ. ಅವು ನಿಜವಾದ ಪ್ರಶ್ನಾರ್ಥಕಗಳೇ. ಹಿಂದೆ ಕನ್ನಡ ಅಡಗಿಲ್ಲ, ಯಾವ ಫಾಂಟ್ ಹಾಕಿದರೂ ಅದನ್ನು ಮರಳಿ ತರಲಾಗದು. ‘ಎನ್’ ಇಲ್ಲದ ಪಠ್ಯವನ್ನು ಅದು ಮೊದಲು ಡೇಟಾಬೇಸಿನ ಹಳೆಯ ಕೋಡ್ ಪುಟಕ್ಕೆ, ಅಂದರೆ ಕೆಲವೇ ಲಿಪಿಗಳ ಅಕ್ಷರಪಟ್ಟಿಗೆ ಇಳಿಸುತ್ತದೆ, ಅಲ್ಲಿ ಕನ್ನಡಕ್ಕೆ ಜಾಗವಿರುವುದಿಲ್ಲ, ಆ ಮೇಲೆ ಕಾಲಂಗೆ ಏರಿಸುತ್ತದೆ. ಸರಿಯಾಗಿ ಬಳಸಿದರೆ ಮಾತ್ರ ಎನ್‌ವಾರ್‌ಚಾರ್ ಕನ್ನಡಕ್ಕೆ ಮಿತವ್ಯಯಿ: ಯುಟಿಎಫ್-16 ಆದ್ದರಿಂದ ಒಂದು ಸಂಕೇತಕ್ಕೆ 2 ಬೈಟ್, ‘ಕರ್ನಾಟಕ’ಕ್ಕೆ 14. 2019ರ ಆವೃತ್ತಿಯಲ್ಲಿ ಸಾದಾ ವಾರ್‌ಚಾರ್‌ಗೂ ಯುಟಿಎಫ್-8 ಬಂದಿತು. ಆದರೆ ಅದರ ಅಳತೆ ಬೈಟಿನದು, ಹಾಗಾಗಿ ಇಪ್ಪತ್ತರ ಕಾಲಂನ ತೊಂದರೆ ಅಲ್ಲೂ ಕಾದಿರುತ್ತದೆ.

ಮೈಎಸ್‌ಕ್ಯುಎಲ್‌ನಲ್ಲಿ ‘ಯುಟಿಎಫ್8’ ಎಂದು ಬಹಳ ವರ್ಷ ಕರೆಯಿಸಿಕೊಂಡದ್ದು ಪೂರ್ಣ ಯುಟಿಎಫ್-8 ಅಲ್ಲ. ಅದು ಒಂದು ಸಂಕೇತಕ್ಕೆ 3 ಬೈಟ್‌ಗಿಂತ ಹೆಚ್ಚು ಕೊಡುವುದಿಲ್ಲ. ಕನ್ನಡಕ್ಕೆ ಮೂರೇ ಸಾಕಾದ್ದರಿಂದ ಎಲ್ಲವೂ ಸರಿಯಿದೆ ಎಂಬ ಭಾವನೆ ಹುಟ್ಟುತ್ತದೆ. ಯಾರೋ ಅಭಿಪ್ರಾಯದ ಕಾಲಂನಲ್ಲಿ ‘ಧನ್ಯವಾದ’ದ ಜೊತೆ ಒಂದು ಇಮೋಜಿ ಹಾಕುತ್ತಾರೆ, ಅದಕ್ಕೆ 4 ಬೈಟ್ ಬೇಕು, ಸಾಲು ನಿರಾಕರಣೆಯಾಗುತ್ತದೆ, ಇಲ್ಲವೇ ಹಳೆಯ ಸಡಿಲ ಹೊಂದಿಕೆಯಿದ್ದರೆ ಇಮೋಜಿಯಿಂದ ಮುಂದಿನ ಬರಹವೆಲ್ಲ ಕತ್ತರಿಸಿಹೋಗುತ್ತದೆ. ಪೂರ್ಣ ರೂಪದ ಹೆಸರು ‘ಯುಟಿಎಫ್8ಎಂಬಿ4’. 8.0 ಆವೃತ್ತಿಯಿಂದ ಇದೇ ಸಹಜ ಆಯ್ಕೆ. ಹಳೆಯ ಟೇಬಲ್‌ಗಳು ಮಾತ್ರ ತಾವಾಗಿ ಬದಲಾಗುವುದಿಲ್ಲ, ನಾವೇ ಹೋಗಿ ಬದಲಿಸಬೇಕು.

ಪೋಸ್ಟ್‌ಗ್ರೆಸ್ ಇಲ್ಲಿ ನನಗೆ ಅತ್ಯಂತ ಹಿಡಿಸಿದ್ದು. ಅದರ ‘ಟೆಕ್ಸ್ಟ್’ ಬಗೆಗೆ ಅಳತೆಯನ್ನೇ ಕೊಡಬೇಕಿಲ್ಲ. ವಾರ್‌ಚಾರ್‌ಗೆ ಅಳತೆ ಕೊಟ್ಟ ಮಾತ್ರಕ್ಕೆ ವೇಗ ಹೆಚ್ಚುವುದೂ ಇಲ್ಲ, ಜಾಗ ಉಳಿಯುವುದೂ ಇಲ್ಲ. ಅಳತೆ ಕೊಟ್ಟರೆ ಅದು ಸಂಕೇತಗಳ ಲೆಕ್ಕ. ಎಸ್‌ಕ್ಯುಲೈಟ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ: 20 ಎಂದು ಬರೆದರೂ ಅದನ್ನು ಓದಿ ಸುಮ್ಮನಾಗುತ್ತದೆ, ಇನ್ನೂರು ತುಂಬಿಸಿದರೂ ತಡೆಯುವುದಿಲ್ಲ.

ಅಳತೆ ಸರಿಹೋದರೂ ಕನ್ನಡದ ಹೆಸರುಗಳಲ್ಲಿ ಇನ್ನೆರಡು ಸೂಕ್ಷ್ಮಗಳಿವೆ, ಯಾವ ಡೇಟಾಬೇಸಿನ ಕೈಪಿಡಿಯಲ್ಲೂ ಇವು ಎದ್ದು ಕಾಣುವುದಿಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಒತ್ತಕ್ಷರವಾಗದಂತೆ ತಡೆಯುವ ಒಂದು ಅದೃಶ್ಯ ಸಂಕೇತ ಇರುತ್ತದೆ. ಒಬ್ಬ ನಮೂದುದಾರ ಅದನ್ನು ಹಾಕಿ, ಇನ್ನೊಬ್ಬ ಹಾಕದೆ ‘ರಾಜ್ಕುಮಾರ್’ ಎಂದು ಬರೆದರೆ ಒಂದು 33 ಬೈಟ್, ಮತ್ತೊಂದು 30. ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಹಾಗೆಯೇ ‘ಮೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೊ ಮತ್ತು ದೀರ್ಘ ಎಂದು ಬಿಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಇಬ್ಬರು ಮೋಹನರು. ಪೋಸ್ಟ್‌ಗ್ರೆಸ್ 13ರಿಂದ ಇವನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಫಂಕ್ಷನ್ ಒಳಗೇ ಇದೆ.

ಇನ್ನು ಅಕಾರಾದಿ. ಯೂನಿಕೋಡ್ ಸಂಖ್ಯೆಗಳ ಸಾಲಿನಲ್ಲಿ ಳ ಬರುವುದು ಲ ಆದ ಕೂಡಲೇ, ವ ಶ ಷ ಸ ಹಗಳಿಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಯದು. ಬರೀ ಸಂಕೇತಸಂಖ್ಯೆಯ ಮೇಲೆ ವಿಂಗಡಿಸುವ ಟೇಬಲ್‌ನಲ್ಲಿ ‘ಬಳೆಗಾರ’ ಮೊದಲು, ‘ಬಸವರಾಜ’ ಆಮೇಲೆ. ನಿಘಂಟು ನೋಡಿ ಬೆಳೆದವರಿಗೆ ಇದು ತಪ್ಪು ಕ್ರಮ. ವಿಂಗಡಣೆಯ ನಿಯಮವನ್ನು ‘ಕೊಲೇಶನ್’ ಎನ್ನುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಐಸಿಯು ಎಂಬ ಭಾಷಾ ತಂತ್ರಾಂಶ ಸಂಗ್ರಹದ ಮೂಲಕ ಕನ್ನಡದ ಕೊಲೇಶನ್ ಆರಿಸಿಕೊಳ್ಳಬಹುದು. ಟೇಬಲ್ ಕಟ್ಟುವಾಗಲೇ ಇದನ್ನು ಯೋಚಿಸಬೇಕು, ಏಕೆಂದರೆ ಬೇಗ ಹುಡುಕಲು ನೆರವಾಗುವ ಸೂಚಿ, ಅಂದರೆ ಇಂಡೆಕ್ಸ್ ಕೂಡ ಅದೇ ಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ.

ದೂರವಾಣಿ

ಫೋನ್ ನಂಬರ್ ಎನ್ನುತ್ತೇವೆ, ಆದರೆ ಅದು ಸಂಖ್ಯೆಯಲ್ಲ. ಯಾರೂ ಎರಡು ಫೋನ್ ನಂಬರುಗಳನ್ನು ಕೂಡುವುದಿಲ್ಲ. ನಾಲ್ಕು ಬೈಟಿನ ಸಾದಾ ಪೂರ್ಣಾಂಕದ ಗರಿಷ್ಠ ಮಿತಿ 214,74,83,647. ಒಂಬತ್ತರಿಂದ ಆರಂಭವಾಗುವ ಹತ್ತಂಕಿಯ ಮೊಬೈಲ್ ಸಂಖ್ಯೆ ಅದರೊಳಗೆ ಹಿಡಿಸುವುದೇ ಇಲ್ಲ. ಹನ್ನೆರಡಂಕಿಯ ಆಧಾರ್ ಸಂಖ್ಯೆಯೂ ಅಷ್ಟೇ. ಸ್ಥಿರ ದೂರವಾಣಿಯಾದರೆ ಬೆಂಗಳೂರಿನ 080, ಮಂಗಳೂರಿನ 0824 ಎರಡರ ಸೊನ್ನೆಯೂ ಬಿದ್ದುಹೋಗುತ್ತದೆ. ಹಾಗಾಗಿ ಪಠ್ಯದ ಬಗೆಯೇ ಸರಿ.

ಇಷ್ಟು ತಿಳಿದವರೂ ಎಸ್‌ಕ್ಯುಲೈಟ್‌ನಲ್ಲಿ ಒಂದು ಕಡೆ ಎಡವುತ್ತಾರೆ. ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ ಈ ಪುಟ್ಟ ಡೇಟಾಬೇಸ್ ನಿಮ್ಮ ಮೊಬೈಲಿನೊಳಗೂ ಇದೆ. ಅದರಲ್ಲಿ ಬಗೆ ಎಂಬುದು ಕಾಲಂಗೆ ಅಂಟಿದ್ದಲ್ಲ, ಒಳಗಿಟ್ಟ ಮೌಲ್ಯಕ್ಕೆ ಅಂಟಿದ್ದು. ಕಾಲಂಗೆ ಇರುವುದು ಬರೀ ಒಲವು. ಆ ಒಲವನ್ನು ಅದು ನಾವು ಬರೆದ ಬಗೆಯ ಹೆಸರಿನ ಕಾಗುಣಿತ ನೋಡಿ ನಿರ್ಧರಿಸುತ್ತದೆ. ಹೆಸರಿನಲ್ಲಿ ‘ಇಂಟ್’ ಇದ್ದರೆ ಪೂರ್ಣಾಂಕ. ‘ಚಾರ್’ ಅಥವಾ ‘ಟೆಕ್ಸ್ಟ್’ ಇದ್ದರೆ ಪಠ್ಯ. ಗೊತ್ತಿರುವ ಯಾವ ತುಣುಕೂ ಕಾಣದಿದ್ದರೆ ಸಂಖ್ಯೆಯ ಕಡೆಗೆ ಒಲವು. ‘ಸ್ಟ್ರಿಂಗ್’ ಎಂಬ ಹೆಸರಿನಲ್ಲಿ ಅದು ಹುಡುಕುವ ಯಾವ ತುಣುಕೂ ಇಲ್ಲ. ಆದ್ದರಿಂದ ಪಠ್ಯವೆಂದು ನಂಬಿ ‘ಸ್ಟ್ರಿಂಗ್’ ಎಂದು ಬರೆದ ಕಾಲಂಗೆ 080 ಹಾಕಿದರೆ 80 ಮರಳುತ್ತದೆ. ‘ಫ್ಲೋಟಿಂಗ್ ಪಾಯಿಂಟ್’ ಎಂದು ಬರೆದರೆ ‘ಪಾಯಿಂಟ್’ನ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ‘ಇಂಟ್’ ಕಾಣಿಸಿ ಒಲವು ಪೂರ್ಣಾಂಕದ ಕಡೆಗೆ ತಿರುಗುತ್ತದೆ. ಇದು ಲೋಪವಲ್ಲ, ಅದನ್ನು ರಚಿಸಿದವರು ಬೇಕೆಂದೇ ಕೊಟ್ಟ ಸಡಿಲ. ಬಿಗಿ ಬೇಕೆನ್ನುವವರಿಗೆ 2021ರ 3.37 ಆವೃತ್ತಿಯಿಂದ ‘ಸ್ಟ್ರಿಕ್ಟ್’ ಟೇಬಲ್‌ಗಳಿವೆ.

ಫೋನ್ ಇಲ್ಲದ ಸದಸ್ಯರೂ ಇರುತ್ತಾರೆ. ಒಂದೇ ನಂಬರ್ ಇಬ್ಬರಿಗೆ ಬರಬಾರದೆಂದು ಕಾಲಂಗೆ ‘ಯೂನಿಕ್’ ನಿರ್ಬಂಧ ಹಾಕಿದ್ದೇವೆ ಎಂದುಕೊಳ್ಳಿ. ಖಾಲಿ ಬಿಟ್ಟ ಜಾಗ, ಅಂದರೆ ನಲ್, ಎಷ್ಟು ಸಾಲುಗಳಲ್ಲಿದ್ದರೂ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಒರಾಕಲ್, ಎಸ್‌ಕ್ಯುಲೈಟ್ ಒಪ್ಪುತ್ತವೆ: ಗೊತ್ತಿಲ್ಲದ್ದು ಮತ್ತೊಂದು ಗೊತ್ತಿಲ್ಲದ್ದಕ್ಕೆ ಸಮವಲ್ಲ ಎಂಬ ತರ್ಕ. ಎಸ್‌ಕ್ಯುಎಲ್ ಸರ್ವರ್ ಒಂದೇ ನಲ್‌ಗೆ ಅವಕಾಶ ಕೊಡುತ್ತದೆ. ಫೋನ್ ಇಲ್ಲದ ಎರಡನೆಯ ಅಜ್ಜಿಯನ್ನು ಅದು ಸದಸ್ಯೆಯಾಗಲು ಬಿಡುವುದಿಲ್ಲ.

ಒರಾಕಲ್‌ಗೆ ಇದರ ಜೊತೆಗೆ ತನ್ನದೇ ಒಂದು ಗುಣವಿದೆ. ಅದಕ್ಕೆ ಒಳಗೇನೂ ಇಲ್ಲದ ಖಾಲಿ ಪಠ್ಯವೂ ನಲ್ಲೇ. ಉಳಿದ ನಾಲ್ಕಕ್ಕೆ ಖಾಲಿ ಪಠ್ಯ ಒಂದು ಮೌಲ್ಯ, ನಲ್ ಮೌಲ್ಯವೇ ಇಲ್ಲದಿರುವಿಕೆ. ಒರಾಕಲ್‌ಗೆಂದು ಬರೆದ ಪ್ರೋಗ್ರಾಂ ಫೋನ್ ಇಲ್ಲದವರಿಗೆ ಖಾಲಿ ಪಠ್ಯ ಕಳಿಸುತ್ತಾ ಬಂದಿದ್ದರೆ ಅಲ್ಲಿ ಏನೂ ತೊಂದರೆಯಿರಲಿಲ್ಲ. ಅದೇ ಪ್ರೋಗ್ರಾಂ ಪೋಸ್ಟ್‌ಗ್ರೆಸ್ ಮುಂದೆ ನಿಂತರೆ ಎರಡನೆಯ ಖಾಲಿ ಪಠ್ಯಕ್ಕೇ ‘ನಕಲು’ ಎಂಬ ದೋಷ. ಇನಿಷಿಯಲ್ ಮತ್ತು ಹೆಸರು ಜೋಡಿಸುವಾಗಲೂ ಹೀಗೆಯೇ: ಎರಡು ಲಂಬ ಗೆರೆಗಳಿಂದ ಜೋಡಿಸಿದರೆ, ಇನಿಷಿಯಲ್ ನಲ್ ಇದ್ದಾಗ ಒರಾಕಲ್ ಬರೀ ಹೆಸರು ಕೊಡುತ್ತದೆ, ಪೋಸ್ಟ್‌ಗ್ರೆಸ್ ಇಡೀ ಹೆಸರನ್ನೇ ನಲ್ ಮಾಡುತ್ತದೆ. ಮೈಎಸ್‌ಕ್ಯುಎಲ್‌ನ ಸಹಜ ಹೊಂದಿಕೆಯಲ್ಲಿ ಆ ಎರಡು ಗೆರೆಗಳ ಅರ್ಥವೇ ‘ಅಥವಾ’.

ಷೇರು ಹಣ

ಹಣವನ್ನು ಫ್ಲೋಟ್ ಬಗೆಯಲ್ಲಿ ಇಡಬಾರದು. ಅದು ದ್ವಿಮಾನ ಭಿನ್ನರಾಶಿ, 0.1ನ್ನು ನಿಖರವಾಗಿ ಹಿಡಿಯಲಾರದು. 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ, ವರ್ಷಾಂತ್ಯದ ತಾಳೆಯಲ್ಲಿ ಒಂದು ಪೈಸೆ ಎಲ್ಲಿ ಹೋಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ದಶಮಾಂಶದ ನಿಖರ ಬಗೆಗಳನ್ನೇ ಬಳಸಬೇಕು: ಒರಾಕಲ್‌ನಲ್ಲಿ ನಂಬರ್, ಉಳಿದೆಡೆ ಡೆಸಿಮಲ್ ಅಥವಾ ನ್ಯೂಮರಿಕ್. ಒರಾಕಲ್ ಮತ್ತು ಎಸ್‌ಕ್ಯುಎಲ್ ಸರ್ವರ್ 38 ಅಂಕಿಗಳವರೆಗೆ, ಮೈಎಸ್‌ಕ್ಯುಎಲ್ 65ರವರೆಗೆ ನಿಖರತೆ ಕೊಡುತ್ತವೆ. ಎಸ್‌ಕ್ಯುಲೈಟ್‌ನಲ್ಲಿ ಡೆಸಿಮಲ್ ಎಂದು ಬರೆಯಬಹುದು, ಒಳಗೆ ಸೇರುವುದು ಮಾತ್ರ ಫ್ಲೋಟೇ. ಅಲ್ಲಿ ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡುವುದು ಕ್ಷೇಮ.

ಬಗೆ ಸರಿಯಿದ್ದರೂ ಭಾಗಾಕಾರ ಕೈಕೊಡುತ್ತದೆ. ಎರಡೂ ಪೂರ್ಣಾಂಕಗಳಾಗಿದ್ದು 5ನ್ನು 2ರಿಂದ ಭಾಗಿಸಿದರೆ ಒರಾಕಲ್ ಮತ್ತು ಮೈಎಸ್‌ಕ್ಯುಎಲ್ ಎರಡೂವರೆ ಕೊಡುತ್ತವೆ. ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲ್ ಸರ್ವರ್, ಎಸ್‌ಕ್ಯುಲೈಟ್ ಬರೀ 2 ಕೊಟ್ಟು ಅರ್ಧವನ್ನು ಕೈಬಿಡುತ್ತವೆ. ಲಾಭಾಂಶ ಹಂಚುವ ಕ್ವೆರಿಯನ್ನು, ಅಂದರೆ ಎಸ್‌ಕ್ಯುಎಲ್‌ನಲ್ಲಿ ಬರೆದ ಪ್ರಶ್ನೆಯನ್ನು, ಒಂದರಿಂದ ಇನ್ನೊಂದಕ್ಕೆ ಹಾಗೆಯೇ ಎತ್ತಿಕೊಂಡು ಹೋದವರು ಇದನ್ನು ಕಣ್ಣಾರೆ ನೋಡಿರುತ್ತಾರೆ. ಟೈನಿಇಂಟ್‌ನಂಥ ಸಣ್ಣ ಬಗೆಯೂ ಬೇರೆ ಬೇರೆ: ಮೈಎಸ್‌ಕ್ಯುಎಲ್‌ನಲ್ಲಿ ಋಣ 128ರಿಂದ 127ರವರೆಗೆ, ಎಸ್‌ಕ್ಯುಎಲ್ ಸರ್ವರ್‌ನಲ್ಲಿ 0ಯಿಂದ 255, ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲವೇ ಇಲ್ಲ.

‘ಸಕ್ರಿಯ ಸದಸ್ಯರೇ’ ಎಂಬ ಹೌದು-ಅಲ್ಲದ ಕಾಲಂಗೆ ಪೋಸ್ಟ್‌ಗ್ರೆಸ್‌ನಲ್ಲಿ ನಿಜವಾದ ಬೂಲಿಯನ್ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ಆ ಹೆಸರು ಟೈನಿಇಂಟ್‌ನ ಮುಖವಾಡ, ಅದಕ್ಕೆ 7 ಕೂಡ ಹಾಕಬಹುದು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಬಿಟ್. ಒರಾಕಲ್ ಟೇಬಲ್‌ಗಳಿಗೆ ಬೂಲಿಯನ್ ಬಂದದ್ದು 23ನೇ ಆವೃತ್ತಿಯಲ್ಲಷ್ಟೇ; ಅಲ್ಲಿಯವರೆಗೆ ಎಲ್ಲರೂ ವೈ, ಎನ್ ಎಂಬ ಅಕ್ಷರಗಳಲ್ಲೇ ಕಾಲ ಕಳೆದರು.

ಹುಟ್ಟಿದ ದಿನ, ಸೇರಿದ ಹೊತ್ತು

ಒರಾಕಲ್‌ನ ‘ಡೇಟ್’ ಬರೀ ದಿನಾಂಕವಲ್ಲ, ಅದರೊಳಗೆ ಸೆಕೆಂಡಿನವರೆಗಿನ ವೇಳೆಯೂ ಇದೆ. ಸದಸ್ಯರು ಸೇರಿದ ದಿನವನ್ನು ಆ ಕ್ಷಣದ ಗಡಿಯಾರದಿಂದ ತುಂಬಿಸಿದ್ದರೆ, ‘ಆಗಸ್ಟ್ 15ಕ್ಕೆ ಸೇರಿದವರು’ ಎಂದು ಸಮ ಚಿಹ್ನೆ ಹಾಕಿ ಕೇಳಿದಾಗ ಮಧ್ಯರಾತ್ರಿ 12 ಗಂಟೆಗೆ ಸರಿಯಾಗಿ ಸೇರಿದವರು ಮಾತ್ರ ಬರುತ್ತಾರೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್‌ಗಳ ‘ಡೇಟ್’ನಲ್ಲಿ ವೇಳೆಯಿಲ್ಲ. ಒರಾಕಲ್‌ನಿಂದ ಅವಕ್ಕೆ ‘ಡೇಟ್’ಗೆ ‘ಡೇಟ್’ ಎಂದು ಹೊಂದಿಸಿಬಿಟ್ಟರೆ ಎಲ್ಲ ವೇಳೆಗಳೂ ಸದ್ದಿಲ್ಲದೆ ಉದುರಿಹೋಗುತ್ತವೆ.

‘ಟೈಮ್‌ಸ್ಟ್ಯಾಂಪ್’ ಎಂಬ ಪದವಂತೂ ಮೂರು ಕಡೆ ಮೂರು ವಸ್ತು. ಮೈಎಸ್‌ಕ್ಯುಎಲ್‌ನಲ್ಲಿ ಅದು 1970ರಿಂದ 2038ರ ಜನವರಿ 19ರವರೆಗಿನ ಹೊತ್ತು ಮಾತ್ರ. 1947ರಲ್ಲಿ ಹುಟ್ಟಿದವರ ಜನ್ಮದಿನಕ್ಕೂ ಬಾರದು, 2040ಕ್ಕೆ ಮುಗಿಯುವ ಸಾಲದ ಕಂತಿಗೂ ಬಾರದು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಟೈಮ್‌ಸ್ಟ್ಯಾಂಪ್‌ಗೂ ಕಾಲಕ್ಕೂ ಸಂಬಂಧವೇ ಇಲ್ಲ, ಅದು ಸಾಲು ಬದಲಾದಾಗಲೆಲ್ಲ ಏರುವ 8 ಬೈಟಿನ ಒಂದು ಎಣಿಕೆ. ಪೋಸ್ಟ್‌ಗ್ರೆಸ್‌ನ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಹೆಸರು ಕೇಳಿದರೆ ಕಾಲವಲಯವನ್ನೂ ನೆನಪಿಡುತ್ತದೆ ಅನ್ನಿಸುತ್ತದೆ. ಅದು ಹೊತ್ತನ್ನು ಯುಟಿಸಿಗೆ, ಅಂದರೆ ಜಾಗತಿಕ ಮಾನಕ ವೇಳೆಗೆ ತಿರುಗಿಸಿ ಇಟ್ಟುಕೊಂಡು, ಓದುವವರ ವಲಯಕ್ಕೆ ಹೊಂದಿಸಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಬೆಳಗ್ಗೆ 9.30ಕ್ಕೆ ದಾಖಲಾದದ್ದು ಒಳಗೆ 4.00. ದಾಖಲಿಸಿದವರು ಬೆಂಗಳೂರಿನಲ್ಲಿದ್ದರೋ ದುಬೈಯಲ್ಲಿದ್ದರೋ ತಿಳಿಯಬೇಕಾದರೆ ಬೇರೆ ಕಾಲಂ ಬೇಕು. ವಲಯವನ್ನೂ ಉಳಿಸಿಕೊಳ್ಳುವುದು ಒರಾಕಲ್‌ನ ಅದೇ ಹೆಸರಿನ ಬಗೆ. ಎಸ್‌ಕ್ಯುಲೈಟ್‌ಗೆ ದಿನಾಂಕದ ಬಗೆಯೇ ಇಲ್ಲ. ವರ್ಷ-ತಿಂಗಳು-ದಿನ ಎಂದು ಪಠ್ಯವಾಗಿ ಬರೆದಿಟ್ಟರೆ ವಿಂಗಡಣೆಯಾದರೂ ಸರಿಯಾಗುತ್ತದೆ.

ಇತಿಹಾಸದ ದಾಖಲೆ ಇಡುವವರಿಗೊಂದು ಮಾತು. ಎಸ್‌ಕ್ಯುಎಲ್ ಸರ್ವರ್‌ನ ಹಳೆಯ ‘ಡೇಟ್‌ಟೈಮ್’ 1753ರಿಂದ ಆರಂಭ. ಕಾರಣ, ಬ್ರಿಟನ್ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾದದ್ದು 1752ರಲ್ಲಿ. ವಿಜಯನಗರದ ಶಾಸನಗಳ ಕಾಲ ಅದರಲ್ಲಿ ಹಿಡಿಸುವುದಿಲ್ಲ. ಮೈಎಸ್‌ಕ್ಯುಎಲ್ ಭರವಸೆ ಕೊಡುವುದು 1000ನೇ ಇಸವಿಯಿಂದ ಈಚೆಗೆ. ಸುಮಾರು 450ನೇ ಇಸವಿಯದೆಂದು ಹೇಳುವ ಹಲ್ಮಿಡಿ ಶಾಸನಕ್ಕೆ ಪೋಸ್ಟ್‌ಗ್ರೆಸ್ ಅಥವಾ ಒರಾಕಲ್ ಯೋಗ್ಯ, ಎರಡೂ ಕ್ರಿಸ್ತಪೂರ್ವ 4,700ರ ಆಚೆಗೂ ಹೋಗುತ್ತವೆ.

ಟೇಬಲ್ ಒಳಗೆ ಹೇಗಿದೆ?

ಕಾಲಂಗಳನ್ನು ಬಿಟ್ಟು ಇಡೀ ಟೇಬಲನ್ನು ನೋಡಿದರೂ ಐದೂ ಒಂದೇ ಅಲ್ಲ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್ ಸಾಮಾನ್ಯವಾಗಿ ಸಾಲುಗಳನ್ನು ರಾಶಿಯಂತೆ ಇಡುತ್ತವೆ: ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಒಂದೊಂದು ಸಾಲನ್ನೂ ಗುರುತಿಸುವ ಪ್ರೈಮರಿ ಕೀ ಎಂಬುದು ಆ ರಾಶಿಯತ್ತ ಬೆರಳು ತೋರುವ ಬೇರೆಯೇ ಇಂಡೆಕ್ಸ್. ಮೈಎಸ್‌ಕ್ಯುಎಲ್ ದತ್ತಾಂಶ ಇಡಲು ಬಳಸುವ ಇನ್ನೋಡಿಬಿಯಲ್ಲಿ ಟೇಬಲ್ ಎಂದರೆ ಪ್ರೈಮರಿ ಕೀಯ ಕ್ರಮದಲ್ಲಿ ಕಟ್ಟಿದ ಮರವೇ. ಎಸ್‌ಕ್ಯುಎಲ್ ಸರ್ವರ್ ಕೂಡ ಬೇರೆ ಹೇಳದಿದ್ದರೆ ಹಾಗೆಯೇ ಜೋಡಿಸುತ್ತದೆ. ಇದರ ಪರಿಣಾಮ ಆಯ್ಕೆಯ ಮೇಲಾಗುತ್ತದೆ. 36 ಅಕ್ಷರಗಳ ಯಾದೃಚ್ಛಿಕ ಗುರುತನ್ನು ಪ್ರೈಮರಿ ಕೀ ಮಾಡಿದರೆ ಇನ್ನೋಡಿಬಿಯಲ್ಲಿ ಪ್ರತಿ ಹೊಸ ಸಾಲೂ ಮರದ ಎಲ್ಲೆಲ್ಲೋ ತೂರಿಕೊಳ್ಳಬೇಕು, ಪುಟಗಳು ಒಡೆಯುತ್ತವೆ. ಮೇಲಾಗಿ ಉಳಿದ ಎಲ್ಲ ಇಂಡೆಕ್ಸ್‌ಗಳೂ ಆ ಉದ್ದ ಕೀಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತವೆ. ಅಲ್ಲಿ ಏರುತ್ತಾ ಹೋಗುವ ಚಿಕ್ಕ ಸಂಖ್ಯೆಯೇ ಒಳ್ಳೆಯದು.

ಟೇಬಲ್ ಹೆಸರನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಒರಾಕಲ್ ದೊಡ್ಡಕ್ಷರಕ್ಕೆ, ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ತಿರುಗಿಸುತ್ತದೆ. ಮೈಎಸ್‌ಕ್ಯುಎಲ್‌ನ ಸಹಜ ಹೊಂದಿಕೆಯಲ್ಲಿ ವಿಂಡೋಸ್‌ನಲ್ಲಿ ಭೇದವಿಲ್ಲ, ಲಿನಕ್ಸ್‌ನಲ್ಲಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಸದಸ್ಯರು’ ಎಂದೇ ಟೇಬಲ್‌ಗೆ ಹೆಸರಿಡಬಹುದು, ನಾನು ಇಟ್ಟಿದ್ದೇನೆ, ಖುಷಿಯಾಗುತ್ತದೆ. ಮಿತಿ 63 ಬೈಟ್, ಅಂದರೆ 21 ಕನ್ನಡ ಸಂಕೇತ.

ಟೇಬಲ್‌ನ ರಚನೆ ಬದಲಿಸುವಾಗ ನಡುವೆ ದೋಷ ಬಂದರೆ ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲ್ ಸರ್ವರ್, ಎಸ್‌ಕ್ಯುಲೈಟ್ ಎಲ್ಲವನ್ನೂ ಹಿಂದಕ್ಕೆ ತರಬಲ್ಲವು. ಒರಾಕಲ್ ಮತ್ತು ಮೈಎಸ್‌ಕ್ಯುಎಲ್ ರಚನೆಯ ಒಂದೊಂದು ಆಜ್ಞೆಗೂ ಅಲ್ಲಲ್ಲೇ ಕಮಿಟ್, ಅಂದರೆ ಖಾಯಂ ಮಾಡಿಬಿಡುತ್ತವೆ. ಅವುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಕಪ್ ತೆಗೆದಿಡಿ.

ಈಗ ಯಾವ ಟೇಬಲ್ ಸಾಗಿಸುವುದಿದ್ದರೂ ನಾನು ಮೊದಲು ಒಂದೇ ಒಂದು ಸಾಲು ಕಳಿಸುತ್ತೇನೆ. ಹೆಸರಿನ ಜಾಗದಲ್ಲಿ ‘ಸ್ತ್ರೀ’: ಓದುವವರಿಗೆ ಒಂದಕ್ಷರ, ಯೂನಿಕೋಡ್‌ಗೆ ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಎರಡೂ ಕಡೆ ಅದರ ಉದ್ದ ಕೇಳುತ್ತೇನೆ. ಆ ಪ್ರಶ್ನೆಯಲ್ಲೂ ಎಚ್ಚರ ಬೇಕು. ‘ಲೆಂತ್’ ಎಂಬ ಫಂಕ್ಷನ್ ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯುಲೈಟ್‌ಗಳಲ್ಲಿ 6 ಎನ್ನುತ್ತದೆ, ಮೈಎಸ್‌ಕ್ಯುಎಲ್‌ನಲ್ಲಿ 18 ಎನ್ನುತ್ತದೆ. ಅಲ್ಲಿ ಸಂಕೇತ ಎಣಿಸುವ ಫಂಕ್ಷನ್ ‘ಚಾರ್ ಲೆಂತ್’.